ನಿನ್ನೆಯ ನೀರು ಮತ್ತು ಕಮಲಾಪುರದ ಮೀನು

ಹೋದ ಶನಿವಾರ ಮಧ್ಯಾಹ್ನ ನಮ್ಮ ಅವ್ವ ಊಟಕ್ಕೆ ಕೂತಳು. ರೊಟ್ಟಿ ಮುರಿದಳು. ಪುಂಡಿಪಲ್ಯಕ್ಕೆ ಅದ್ದಿದಳು. ತುತ್ತು ಬಾಯಿಯ ಹತ್ತಿರ ಹೋಯಿತು. ಅಲ್ಲಿಗೇ ನಿಂತಿತು.

"ಶರಣಾ, ಮೀನ ಉಂಡ್ವೇನು?"

"ಇನ್ನಾ ಇಲ್ಲವ್ವ" ಎಂದೆ.

ಅವ್ವ ತುತ್ತನ್ನು ತಟ್ಟೆಗೆ ಹಾಕಿದಳು. ತಟ್ಟೆಯನ್ನು ಹಾಗೆಯೇ ಎತ್ತಿ ಹಿತ್ತಲಿನ ಆಕಳ ಮುಂದೆ ಇಟ್ಟು ಬಂದಳು. ಕೈ ತೊಳೆದಳು. ಹೊರಸಿನ ಮೇಲೆ ಕೂತಳು. "ಅವು ಉಂಡ ಮ್ಯಾಲ ಕರೀರಿ" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ.

ನಮ್ಮ ಮನೆಯನ್ನು ಬಲ್ಲ ಓದುಗರು ಈಗಾಗಲೇ ಹುಬ್ಬೇರಿಸಿರಬೇಕು. ಮೂರು ಹೊತ್ತು ವಿಭೂತಿ ಹಚ್ಚುವ ಮನೆ. ಮೊಟ್ಟೆಯನ್ನು ಕಂಡರೆ ದಾರಿ ಬದಲಿಸುವ ಜನ. ಅಂಥವರ ಪಡಸಾಲೆಯಲ್ಲಿ ಮೀನಿಗೇನು ಕೆಲಸ? ಸ್ವಲ್ಪ ತಾಳಿ. ತಿನ್ನಲು ತಂದದ್ದಲ್ಲ. ನೋಡಲು ತಂದದ್ದು. (ಈ ಎರಡು ವಾಕ್ಯಗಳನ್ನು ಕಳೆದ ಒಂದು ವಾರದಲ್ಲಿ ನಾನು ಓಣಿಯ ಪ್ರತಿಯೊಂದು ಕಟ್ಟೆಯ ಮುಂದೆಯೂ ಹೇಳಿದ್ದೇನೆ. ಯಾರೂ ನಂಬಿಲ್ಲ.)

ನಾನು ಕಲಬುರ್ಗಿಯ ತಾಮೀರಾತ್ ಕಚೇರಿಯ ಗುಮಾಸ್ತ. ರಸ್ತೆ, ಸೇತುವೆ ಕಟ್ಟಿಸುವ ಇಲಾಖೆ ನಮ್ಮದು. ಕಮಲಾಪುರದ ಕಡೆಯ ರಸ್ತೆ ನೋಡಿಕೊಳ್ಳುವ ಓವರಸಿಯರ್ ಕುರುಪ್ ಎಂಬವರು ಮಲಬಾರಿನವರು. ಹೊಟ್ಟೆಪಾಡಿಗೆ ನಿಜಾಮ ಸರ್ಕಾರದ ಈ ಒಣಭೂಮಿಗೆ ಬಂದು ಆರು ವರ್ಷ. ಇಷ್ಟರಲ್ಲಿ ನಮ್ಮ ಮಾತನ್ನು ನಮಗಿಂತ ಗಟ್ಟಿಯಾಗಿ ಕಲಿತಿದ್ದಾರೆ. ಆದರೆ ನೀರು ನೋಡದೆ ಅವರಿಗೆ ನಿದ್ದೆ ಬರುವುದಿಲ್ಲವಂತೆ. ಈ ಸಲ ರಜೆಗೆ ಹೋದವರು ತಮ್ಮ ಮನೆಯ ಹಿಂದಿನ ಹಿನ್ನೀರಿನಲ್ಲಿ ಪಂಚೆ ಒಡ್ಡಿ ನಾಲ್ಕು ಮೀನು ಹಿಡಿದು, ಹಿತ್ತಾಳೆಯ ಬಿಂದಿಗೆಯಲ್ಲಿ ಹಾಕಿಕೊಂಡು, ರೈಲಿನಲ್ಲಿ, ಮೋಟಾರಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಕಮಲಾಪುರದವರೆಗೆ ತಂದಿದ್ದರು.

ಕಚೇರಿಯ ಕೆಲಸಕ್ಕೆ ಹೋದ ನಾನು ಅವನ್ನು ನೋಡಿದೆ. ನೋಡಬಾರದಿತ್ತು.

ಅಂಗೈಗಿಂತ ಚಿಕ್ಕವು. ವೀಳ್ಯದೆಲೆಯ ಆಕಾರ. ಮೈ ಅರಿಶಿನ. ಅದರ ಮೇಲೆ ಸಾಸಿವೆ ಸಾಲು ಬಿಟ್ಟಂತೆ ಕೆಂಪು ಚುಕ್ಕೆ, ನಡುವೆ ಒಂದೇ ಒಂದು ಕರಿ ಬೊಟ್ಟು, ದೃಷ್ಟಿ ತಾಗದಿರಲೆಂದು ಯಾರೋ ಇಟ್ಟ ಹಾಗೆ. ಅವರ ಊರಲ್ಲಿ ಪಳ್ಳತ್ತಿ ಅನ್ನುತ್ತಾರಂತೆ. ಎರಡೆರಡು ಜೋಡಿಯಾಗಿ ತಿರುಗುತ್ತಿದ್ದವು. ಗಂಡು ಹೋದ ಕಡೆ ಹೆಣ್ಣು, ಹೆಣ್ಣು ಹೋದ ಕಡೆ ಗಂಡು.

"ಒಂದು ಜೋಡಿ ಒಯ್ರಿ" ಎಂದರು ಕುರುಪ್. "ನಾಲ್ಕೂ ಒಂದ ಕಡೆ ಇದ್ರ ಜಗಳ ಆಡ್ತಾವ. ಅಣ್ಣತಮ್ಮಂದಿರ ಮನಿ ಆಗ್ಯಾದ ಇದು."

ಬೇಡ ಅನ್ನಬೇಕಿತ್ತು. ನಾನು "ಎರಡು ವಾರ ಟೈಮು ಕೊಡ್ರಿ" ಎಂದೆ.

ನಮ್ಮ ಸರ್ಕಾರದ ವಾರದ ರಜೆ ಶುಕ್ರವಾರ. ಎರಡು ಶುಕ್ರವಾರದ ರಜೆ ಸುರಿದು, ನಮ್ಮ ಓಣಿಯ ಬಡಿಗೇರನನ್ನು ಕೂರಿಸಿಕೊಂಡು, ಕೆಳಗೆ ಶಹಾಬಾದಿ ಫರಸಿಕಲ್ಲು, ನಾಲ್ಕು ಕಡೆ ಕಿಟಕಿಯ ಗಾಜು, ಮೂಲೆಗೆ ಸಾಗವಾನಿ ಪಟ್ಟಿ ಹಾಕಿಸಿ ಒಂದು ಗಾಜಿನ ಪೆಟ್ಟಿಗೆ ಮಾಡಿಸಿದೆ. ಮೊದಲ ಸಲ ನೀರು ತುಂಬಿದಾಗ ಮೂರು ಮೂಲೆ ಸೋರಿದವು. ಎರಡನೆಯ ಸಲ ಒಂದು ಮೂಲೆ. ಮೂರನೆಯ ಸಲ ಸೋರಲಿಲ್ಲ. ಪೆಟ್ಟಿಗೆಯನ್ನು ಪಡಸಾಲೆಯ ಕಟ್ಟೆಯ ಮೇಲೆ, ಅವ್ವನ ಹೊರಸಿನ ಎದುರಿಗೇ ಇಟ್ಟೆ.

ಮೂರನೆಯ ಶುಕ್ರವಾರ ಮತ್ತೆ ಕಮಲಾಪುರಕ್ಕೆ ಹೋದೆ. ಕುರುಪ್ ನನ್ನ ಕೈಗೆ ಒಂದು ಗೊನೆಯಷ್ಟು ಕೆಂಪು ಬಾಳೆಹಣ್ಣು, ಒಂದು ಬಿಂದಿಗೆ, ಬಿಂದಿಗೆಯೊಳಗೆ ಒಂದು ಜೋಡಿ ಮೀನು ಕೊಟ್ಟರು. ಜೊತೆಗೆ ಒಂದು ರಾಶಿ ಉಪದೇಶ.

ಮೀನನ್ನು ಪೆಟ್ಟಿಗೆಗೆ ಒಮ್ಮೆಲೇ ಸುರಿಯಬೇಡಿ, ಆ ನೀರಿಗೆ ಈ ನೀರು ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಿ. ಮೊದಲ ದಿನ ಬೆಳಕು ಬೇಡ, ಬಟ್ಟೆ ಹೊದಿಸಿ. ಅಡಗಿಕೊಳ್ಳಲು ಒಂದು ಒಡಕು ಗಡಿಗೆ ಇಡಿ. ಹಿನ್ನೀರಿನ ಮೀನು, ಚಿಟಿಕೆ ಉಪ್ಪು ಹಾಕಿ. ಹತ್ತಿರ ಗದ್ದಲ ಮಾಡಬೇಡಿ. ಹೊಸ ಜಾಗದಲ್ಲಿ ಎರಡು ದಿನ ಬಾಯಿ ತೆರೆಯುವುದಿಲ್ಲ, ಗಾಬರಿಯಾಗಬೇಡಿ. ಆಮೇಲೆ ಜೀವ ಇರುವ ಹುಳ ಕೊಡಿ.

ಹುಳದ ಮಾತು ಬಂದಾಗ ನಾನು ಕಿಟಕಿಯಿಂದ ಹೊರಗೆ ನೋಡಿದೆ.

"ಅನ್ನ ತಿನ್ನಂಗಿಲ್ಲೇನ್ರಿ?"

"ಕಲಿಸಿದ್ರ ಕಲೀತಾವ" ಎಂದರು ಕುರುಪ್. "ನಾ ನಿಮ್ಮ ಜ್ವಾಳದ ರೊಟ್ಟಿ ಕಲ್ತೀನಲ್ಲ."

ವಾಪಸು ಬರುವಾಗ ಸರ್ವಿಸ್ ಮೋಟಾರಿನಲ್ಲಿ ನನ್ನ ಪಕ್ಕ ಗಂಜಿನ, ಅಂದರೆ ಕಾಳಿನ ಪೇಟೆಯ, ವ್ಯಾಪಾರಸ್ಥರೊಬ್ಬರು ಕೂತಿದ್ದರು. ಬಿಂದಿಗೆಯ ಬಾಯಿಗೆ ಕಟ್ಟಿದ ಬಟ್ಟೆ ನೋಡಿ, "ತುಪ್ಪೇನ್ರಿ?" ಎಂದರು. ಅಲ್ಲ ಎಂದೆ. "ಜೇನತುಪ್ಪ?" ಅಲ್ಲ. "ಮತ್ತ?" ಮೀನು ಎಂದೆ. ಅವರು ನನ್ನ ಹಣೆಯ ವಿಭೂತಿ ನೋಡಿದರು. ಬಿಂದಿಗೆ ನೋಡಿದರು. ಮತ್ತೊಮ್ಮೆ ಹಣೆ ನೋಡಿದರು. ಎದ್ದು ಹಿಂದಿನ ಸೀಟಿಗೆ ಹೋದರು.

ಮನೆಗೆ ಬಂದು ಎಲ್ಲವನ್ನೂ ಹೇಳಿದಂತೆಯೇ ಮಾಡಿದೆ. ನೀರಿಗೆ ನೀರು ಬೆರೆಸಿದೆ. ಬಟ್ಟೆ ಹೊದಿಸಿದೆ. ಒಡಕು ಗಡಿಗೆ ಇಟ್ಟೆ. ಮೀನುಗಳು ಗಡಿಗೆಯೊಳಗೆ ಸೇರಿಕೊಂಡವು. ಅರಿಶಿನ ಬಣ್ಣ ಹೋಗಿ ಇದ್ದಿಲಿನ ಬಣ್ಣ ಬಂದಿತ್ತು. ಪ್ರಯಾಣದ ದಣಿವು, ಸರಿಹೋಗುತ್ತದೆ ಎಂದುಕೊಂಡೆ. ಆದರೆ ಎರಡು ವಿಷಯ ನನಗೆ ಹೊಳೆದಿರಲಿಲ್ಲ.

ಒಂದು, ಅವ್ವನ ಊಟದ ನೇಮ. ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮನೆಯ ಎಲ್ಲ ಮೂಕ ಜೀವಗಳೂ ಉಂಡ ಮೇಲೆಯೇ ಉಣ್ಣುತ್ತಾಳೆ. ಆಕಳು, ಕರು, ಬೆಕ್ಕು, ಬಾಗಿಲಿಗೆ ಬರುವ ಕರಿ ನಾಯಿ ಕೂಡ. ಒಂದೊಂದನ್ನೇ ಹೆಸರು ಹಿಡಿದು ವಿಚಾರಿಸಿ, ಎಲ್ಲರದ್ದೂ ಆಯಿತು ಎಂದರೆ ತಟ್ಟೆ ಹಾಕಿಸಿಕೊಳ್ಳುತ್ತಾಳೆ. ಇದುವರೆಗೆ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ ಅನ್ನುವ ಜೀವ ಹುಟ್ಟಿಯೇ ಇರಲಿಲ್ಲ.

ಎರಡನೆಯದನ್ನು ಮುಂದೆ ಹೇಳುತ್ತೇನೆ. ನನಗೇ ಅದು ನಾಲ್ಕು ದಿನ ತಡವಾಗಿ ತಿಳಿಯಿತು.

ಶನಿವಾರ ಅವ್ವ ಹಾಲು ಮತ್ತು ಒಂದು ಕೆಂಪು ಬಾಳೆಹಣ್ಣಿನ ಮೇಲೆ ದಿನ ದೂಡಿದಳು. ಹಾಲು ಹಣ್ಣು ಊಟವಲ್ಲವಂತೆ. (ಈ ಕಾಯಿದೆಯನ್ನು ಯಾವ ಲಾಯರೂ ಅವಳ ಬಾಯಿಂದ ಬಿಡಿಸಲಾರ.) ಅತ್ತೆ ಉಣ್ಣದೆ ಸೊಸೆ ಉಣ್ಣುವುದುಂಟೇ? ನಮ್ಮ ಮನೆಯಾಕೆ ನೀಲವ್ವನೂ ಹಾಲು ಹಣ್ಣಿಗೆ ಇಳಿದಳು. ತಾಯಿ, ಹೆಂಡತಿ ಇಬ್ಬರೂ ಉಪವಾಸ ಇರುವಾಗ ನಾನೊಬ್ಬ ಎರಡು ರೊಟ್ಟಿ ಬಾರಿಸಲು ಮನಸ್ಸು ಬರಲಿಲ್ಲ. ಅಂದರೆ ಮನಸ್ಸು ಬಂತು, ಮುಖ ಬರಲಿಲ್ಲ. ಕಚೇರಿಯಿಂದ ಬರುವಾಗ ಗಂಜಿನ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ನಿಂತು ಚುರಮುರಿ, ಮೆಣಸಿನಕಾಯಿ ಭಜಿ ತಿಂದೆ.

ಮನೆಗೆ ಬಂದ ಕೂಡಲೆ ನೀಲವ್ವ ಕೇಳಿದಳು. "ಯಾಕ್ರಿ, ಮೀಸಿಗಿ ಎಣ್ಣಿ ಹಚ್ಕೊಂಡ್ ಬಂದೀರಿ?"

ಭಾನುವಾರ ಅವ್ವ ತಾನೇ ಕೆಲಸ ಕೈಗೆತ್ತಿಕೊಂಡಳು. ಉಣ್ಣದವರನ್ನು ಉಣ್ಣಿಸುವುದು ಅವಳಿಗೆ ಹೊಸದೇ? ಮೊದಲು ಅನ್ನ. ಆಮೇಲೆ ರೊಟ್ಟಿಯ ಪುಡಿ. ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಪುಡಿ. ಮಧ್ಯಾಹ್ನಕ್ಕೆ ಬಾಳೆಹಣ್ಣು. ಸಂಜೆಗೆ ಶೇಂಗಾ ಹೋಳಿಗೆಯನ್ನೇ ಮಾಡಿಸಿದಳು. ಹೋಳಿಗೆಯ ಚೂರು ಗಡಿಗೆಯ ಬಾಯಿಯ ಮುಂದೆ ತೇಲುತ್ತ ತೇಲುತ್ತ ಕೆಳಗೆ ಇಳಿಯಿತು. ಗಂಡು ಮೀನು ಮೂತಿ ಹೊರಗೆ ಹಾಕಿ ಅದನ್ನು ನೋಡಿತು. ಒಳಗೆ ಹೋಯಿತು.

ಅವ್ವನಿಗೆ ಅವಮಾನವಾಯಿತು. "ನನ್ನ ಕೈ ಹೋಳಿಗಿ ಒಲ್ಲೆ ಅಂದವ್ರನ್ನ ಇವತ್ತ ನೋಡಿದೆ."

ಆಗ ನಾನೊಂದು ಕೆಲಸ ಮಾಡಿದೆ. ಒಪ್ಪಿಕೊಂಡುಬಿಡುತ್ತೇನೆ. ಅವ್ವ ದೇವರ ಮನೆಗೆ ಹೋದಾಗ, ನೀರಿಗೆ ಕೈ ಹಾಕಿ ಬೆಳಗಿನ ಅನ್ನದ ಕಾಳುಗಳನ್ನು ಆರಿಸಿ ತೆಗೆದೆ. ಅವಳು ಹೊರಬರುವಷ್ಟರಲ್ಲಿ, "ಅವ್ವಾ, ಅನ್ನ ಉಂಡ್ವು ನೋಡು" ಎಂದೆ.

ಅವ್ವ ಪೆಟ್ಟಿಗೆಯ ಹತ್ತಿರ ಬಂದಳು. ನೋಡಿದಳು. "ಎಷ್ಟು ಕಾಳ ಉಂಡ್ವು?"

"ಎಲ್ಲಾ ಉಂಡ್ವು."

"ಹನ್ನೊಂದು ಕಾಳ ಹಾಕಿದ್ದೆ. ಕೈ ತೋರಸು."

ಐವತ್ತು ಸಮೀಪಿಸಿದ ಸರ್ಕಾರಿ ನೌಕರ ನಾನು. ಕೈ ತೋರಿಸಿದೆ. ಅವ್ವ ನನ್ನ ಒದ್ದೆ ಅಂಗೈಯಿಂದ ಹನ್ನೊಂದು ಕಾಳನ್ನೂ ಒಂದೊಂದಾಗಿ ಎತ್ತಿಕೊಂಡು ಹೊರಗೆ ಹೋಗಿ ಗುಬ್ಬಿಗಳಿಗೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಅವ್ವನ ಗಲ್ಲ ಇಳಿದಿತ್ತು. ಹೊರಸಿನಿಂದ ಏಳುವಾಗ ಗೋಡೆ ಹಿಡಿದಳು. ನೀಲವ್ವ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ, ಆದರೆ ಲಟ್ಟಣಿಗೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. "ನಿಮ್ಮ ಮೀನ ತಗೊಂಡ್ ಹೋಗಿ ಕಮಲಾಪುರದಾಗ ಬಿಟ್ ಬರ್ರಿ. ಅತ್ತೀಗಿ ಎಪ್ಪತ್ತ ದಾಟ್ಯಾದ. ಇದೇನ್ ಆಟಾನ?"

ನನಗೂ ಅದೇ ಅನ್ನಿಸಿತ್ತು. ಬಿಂದಿಗೆ ತೆಗೆದೆ. ಪಡಸಾಲೆಗೆ ಬಂದೆ. ಅವ್ವ ಹೊರಸಿನ ಮೇಲಿಂದಲೇ ಕೇಳಿದಳು. "ಎಲ್ಲಿಗಿ?"

"ವಾಪಸ್ ಕೊಟ್ ಬರ್ತೀನವ್ವ. ಇವಕ್ಕ ನಮ್ಮ ಮನಿ ಹೊಂದ್ಲಿಲ್ಲ."

"ಮನಿಗಿ ಬಂದವ್ರನ್ನ ಉಪಾಸ ಕಳಸ್ತೀಯೇನು? ಊರ ಮಂದಿ ಏನಂದಾರು? ಇಡು ಬಿಂದಗಿ."

ಇಟ್ಟೆ. ಈಗ ನೀವೇ ಹೇಳಿ. ಮೀನು ಉಣ್ಣುವುದಿಲ್ಲ. ಮೀನು ಉಣ್ಣದೆ ಅವ್ವ ಉಣ್ಣುವುದಿಲ್ಲ. ಉಣ್ಣದ ಮೀನನ್ನು ಅವ್ವ ಕಳಿಸುವುದೂ ಇಲ್ಲ. ನಮ್ಮ ಇಲಾಖೆಯ ಕಡತಗಳು ಕೂಡ ಇಷ್ಟು ಚೊಕ್ಕವಾಗಿ ಸಿಕ್ಕಿಕೊಳ್ಳುವುದಿಲ್ಲ.

ಇದರ ನಡುವೆ ಓಣಿಯ ಸುದ್ದಿ ಬೇರೆ. ಪಕ್ಕದ ಮನೆಯ ಗುರವ್ವ ಚಿಗವ್ವ ಅಂದರೆ ನಮ್ಮ ಓಣಿಯ ತಾರ್ ಆಫೀಸು. ಶನಿವಾರ ಬೆಳಿಗ್ಗೆ ನಾನು ನೀಲವ್ವನಿಗೆ "ಮೀನಿಗಿ ಚಿಟಿಕಿ ಉಪ್ಪ ಹಾಕು" ಎಂದದ್ದು ಗೋಡೆ ದಾಟಿ ಅವಳ ಕಿವಿಗೆ ಬಿದ್ದಿತ್ತು. ಭಾನುವಾರ ಅವ್ವ, ಮೀನಿಗೆ ಮೈ ಬಿಸಿಯಾಗಿರಬೇಕು ಎಂದು ಚೂರು ಅರಿಶಿನ ಹಾಕಿಸಿದ್ದೂ ಬಿದ್ದಿತ್ತು. ಸೋಮವಾರ ಚಿಗವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಾಗಿಲಲ್ಲಿ ನಿಂತಳು.

"ಉಪ್ಪ ಆತು, ಅರಿಶಿಣ ಆತು. ಖಾರ ಯಾವಾಗ ಹಾಕ್ತೀರಿ, ಹೇಳ್ರಿ. ಅವತ್ತ ನಾ ನನ್ನ ಮಗಳ ಮನಿಗಿ ಹೋಗ್ತೀನಿ."

"ಒಳಗ ಬಂದ್ ನೋಡ ಚಿಗವ್ವ" ಎಂದೆ. "ಜೀವ ಅದಾವ."

ಚಿಗವ್ವ ಒಳಗೆ ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಗಡಿಗೆಯೊಳಗಿಂದ ಎರಡು ಕಪ್ಪು ಮೂತಿ ಅವಳನ್ನು ನೋಡಿದವು. ಚಿಗವ್ವ ಮೂಗಿನಿಂದ ಸೆರಗು ತೆಗೆದಳು. "ಅಯ್ಯ, ಇವು ಹೊಸದಾಗಿ ಗಂಡನ ಮನಿಗಿ ಬಂದವ್ರಂಗ ಕುಂತಾವಲ್ಲ" ಎಂದಳು. ಅವ್ವನ ಮುಖ ನೋಡಿ, "ಅಕ್ಕಾ, ನೀ ಯಾಕ ಹಿಂಗ ಸೊರಗೀದಿ?" ಎಂದಳು. ಅವ್ವ ಕಾರಣ ಹೇಳಿದಳು. ಚಿಗವ್ವ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ.

ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಓವರಸಿಯರ್ ಕುರುಪ್ ನಿಂತಿದ್ದರು. ಕಚೇರಿಗೆ ಕಾಗದ ತಂದವರು, ಹಾಗೇ ಮೀನು ಹೇಗಿವೆ ನೋಡಿ ಹೋಗೋಣ ಎಂದು ಬಂದಿದ್ದರು. ಅವರು ಬಂದ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ದಿನನಿತ್ಯದ ಕೆಲಸ ನಡೆದಿತ್ತು. ಮೀನು ಬಿಂದಿಗೆಯಲ್ಲಿದ್ದವು. ನೀಲವ್ವ ಪೆಟ್ಟಿಗೆಯ ನೀರನ್ನು ಚರಿಗೆಯಿಂದ ತೋಡಿ ಬಕೀಟಿಗೆ ಹಾಕುತ್ತಿದ್ದಳು. ಅವ್ವ, ಆ ನಿಶ್ಶಕ್ತಿಯಲ್ಲೂ, ಒಡಕು ಗಡಿಗೆಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಬಾವಿಯಿಂದ ಸೇದಿದ ಎರಡು ಕೊಡ ಹೊಸ ನೀರು ಪಕ್ಕದಲ್ಲಿ ಸಿದ್ಧವಾಗಿತ್ತು.

"ಏನ್ ಮಾಡ್ಲಾಕತ್ತೀರ್ರಿ?" ಎಂದರು ಕುರುಪ್.

"ನಿನ್ನಿ ನೀರ ಚೆಲ್ಲಾಕತ್ತೀವ್ರಿ" ಎಂದಳು ನೀಲವ್ವ.

"ದಿನಾ?"

"ದಿನಾ."

"ಪೂರಾ?"

"ಮತ್ತ ಅರ್ಧ ಚೆಲ್ತಾರೇನ್ರಿ?"

ಕುರುಪ್ ಕಟ್ಟೆಯ ಮೇಲೆ ಕೂತರು. ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಇದೇ ನಾನು ಹೇಳದೆ ಬಿಟ್ಟ ಎರಡನೆಯ ವಿಷಯ. ನಮ್ಮಂಥ ಮನೆಗಳಲ್ಲಿ ನಿನ್ನೆಯ ನೀರು ಎಂಬುದು ಇರುವುದಿಲ್ಲ. ರಾತ್ರಿ ಉಳಿದದ್ದು ಹಳಸಿದ ಹಾಗೆಯೇ. ಬೆಳಗಾಯಿತೆಂದರೆ ಕೊಡ, ಹಂಡೆ, ಚರಿಗೆ ಎಲ್ಲ ಬೋರಲು ಬೀಳಬೇಕು, ಬೂದಿಯಿಂದ ಬೆಳಗಬೇಕು, ಹೊಸ ನೀರು ತುಂಬಬೇಕು. ಪಾತ್ರೆ ಹಿತ್ತಾಳೆಯದೋ ಗಾಜಿನದೋ ಎಂದು ಯಾರು ಕೇಳುತ್ತಾರೆ? ಶನಿವಾರದಿಂದ ದಿನಾ ಬೆಳಿಗ್ಗೆ ಇದು ನನ್ನ ಕಣ್ಣೆದುರಿಗೇ ನಡೆದಿದೆ. ನಾನೇ ಕೊಡ ಎತ್ತಿ ಕೊಟ್ಟಿದ್ದೇನೆ. ಒಂದು ದಿನವಾದರೂ ಮೀನಿನ ಉಪವಾಸಕ್ಕೂ ಇದಕ್ಕೂ ಸಂಬಂಧ ಇದ್ದೀತು ಎಂದು ಹೊಳೆಯಿತೇ? ಮುಖ ತೊಳೆದುಕೊಳ್ಳುವುದನ್ನು ಯಾರಾದರೂ ಅನುಮಾನಿಸುತ್ತಾರೆಯೇ? ಇದೂ ಹಾಗೆ. ಕುರುಪ್ ಕೂಡ ಅಷ್ಟೆಲ್ಲ ಉಪದೇಶ ಕೊಟ್ಟವರು ಇದೊಂದನ್ನು ಹೇಳಿರಲಿಲ್ಲ. ಹಿನ್ನೀರಿನ ದಂಡೆಯಲ್ಲಿ ಬೆಳೆದವರಿಗೆ, ದಿನಾ ಬೆಳಿಗ್ಗೆ ನೀರನ್ನೆಲ್ಲ ಬರಿದು ಮಾಡುವ ಜನ ಭೂಮಿಯ ಮೇಲೆ ಇದ್ದಾರೆಂದು ಹೇಗೆ ಗೊತ್ತಾಗಬೇಕು?

"ಅವ್ವನವರ" ಎಂದರು ಕುರುಪ್ ಕೊನೆಗೆ. "ನಮಗ ಮೂರು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್ ಆದ್ರ ಗಂಟ ಬಿಚ್ಚೂದ್ರಾಗ ಸಾಕ ಸಾಕಾಗ್ತದ. ಇವಕ್ಕ ನೀವು ದಿನಾ ಮುಂಜಾನಿ ಟ್ರಾನ್ಸ್‌ಫರ್ ಮಾಡ್ಲಾಕತ್ತೀರಿ. ಹೊಸ ನೀರು, ಹೊಸ ತಂಪು, ತಮ್ಮ ವಾಸನಿ ಇಲ್ಲ, ಏನಿಲ್ಲ. ಹೆದರಿದ ಜೀವ ಹ್ಯಾಂಗ ಉಣಬೇಕ್ರಿ?"

ಅವ್ವ ಬೂದಿ ಕೈಯನ್ನು ಹಾಗೆಯೇ ಹಿಡಿದು ಅವರನ್ನು ನೋಡಿದಳು. "ಅಂದ್ರ, ನನ್ನಿಂದ ಉಪಾಸ ಅದಾವಂತೀರೇನು?"

ಕುರುಪ್ ನನ್ನ ಮುಖ ನೋಡಿದರು. ನಾನು ಛಾವಣಿಯ ತೊಲೆ ಎಣಿಸಿದೆ.

"ನೀರ ಮುಟ್ಟಬ್ಯಾಡ್ರಿ. ಇಷ್ಟಾ ನಾ ಹೇಳೂದು" ಎಂದರು ಅವರು.

"ಅದಾಗಂಗಿಲ್ಲ. ನಿನ್ನಿ ನೀರ ಮನ್ಯಾಗ ಇಟ್ಕೊಂಡ್ ನಾ ಒಲಿ ಹಚ್ಚಂಗಿಲ್ಲ. ನಮ್ಮತ್ತಿ ಕಾಲದಿಂದ ಇಟ್ಟಿಲ್ಲ."

ಮುಗಿಯಿತು. ಅತ್ತೆಯ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಮೇಲಿನ ಕೋರ್ಟು ಇಲ್ಲ. ಅವ್ವ ಮತ್ತೆ ಗಡಿಗೆ ತಿಕ್ಕತೊಡಗಿದಳು. ಆದರೆ ತಿಕ್ಕುವ ಕೈ ನಿಧಾನವಾಗಿತ್ತು. ನಾಲ್ಕು ದಿನ ಯಾರಿಗಾಗಿ ಹಸಿದಿದ್ದಳೋ, ಅವರನ್ನು ತಾನೇ ಹಸಿವಿಗೆ ಹಾಕಿದ್ದಳೆಂದರೆ ಏನನ್ನಿಸಿರಬೇಕು? ಅವಳ ಕಣ್ಣು ಬಿಂದಿಗೆಯ ಕಡೆಗೇ ಹೋಗುತ್ತಿತ್ತು. ನನಗೆ ಮೀನಿನ ಚಿಂತೆ ಹೋಗಿ ಅವಳ ಚಿಂತೆ ಹತ್ತಿತು. ನೇಮ ಬಿಟ್ಟರೆ ಅವಳಿಗೆ ಅನ್ನ ಇಳಿಯುವುದಿಲ್ಲ. ನೇಮ ಹಿಡಿದರೆ ಅನ್ನವೇ ಇಲ್ಲ.

ಆಗ ನೀಲವ್ವ, ಚರಿಗೆ ಕೈಯಲ್ಲಿ ಹಿಡಿದವಳು, ಯಾರಿಗೂ ಹೇಳದವಳ ಹಾಗೆ ಒಂದು ಮಾತು ಹೇಳಿದಳು.

"ಅತ್ತಿ, ಹಿತ್ತಲ ಬಾವ್ಯಾಗ ಇರೂದು ನಿನ್ನಿ ನೀರ ಅಲ್ಲೇನ್ರಿ?"

"ಬಾವಿ ಬ್ಯಾರೆ" ಎಂದಳು ಅವ್ವ. "ಬಾವಿಗಿ ಗಂಗೀ ಪೂಜಿ ಆಗಿರ್ತದ. ಪೂಜಿ ಆದ ನೀರ ಹಳೀದ ಆಗಂಗಿಲ್ಲ."

ಅವ್ವ ಪೆಟ್ಟಿಗೆಯನ್ನು ನೋಡಿದಳು. ಕೆಳಗೆ ಕಲ್ಲು ಇದೆ. ನಾಲ್ಕು ಗೋಡೆ ಇದೆ. ನೀರು ನಿಲ್ಲುತ್ತದೆ. ನೀಲವ್ವ ನೆಲ ನೋಡುತ್ತಿದ್ದಳು. (ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಕೆ ನೆಲ ನೋಡಿದಾಗಲೆಲ್ಲ ನಾನು ಸೋತಿದ್ದೇನೆ.)

"ನೀಲಾ" ಎಂದಳು ಅವ್ವ. "ಕುಂಕುಮದ ಭರಣಿ ತಾ. ಎಲಿ ಅಡಕಿ ತಾ. ಪೆಟಾರಿಯೊಳಗ ಹಸರ ಖಣ ಅದ, ತಾ."

ಓದುಗರೇ, ಇಡೀ ಕಲಬುರ್ಗಿಯಲ್ಲಿ ಪಡಸಾಲೆಯೊಳಗೆ ಬಾವಿ ಇರುವ ಮನೆ ಈಗ ನಮ್ಮದೊಂದೇ. ಹೊಸ ನೀರು ತುಂಬಿದೆವು. ಕುರುಪ್ ತಾವೇ ನಿಂತು ಆ ನೀರಿಗೆ ಈ ನೀರು ಬೆರೆಸಿ ಮೀನು ಬಿಟ್ಟರು. ಅವ್ವ ನಾಲ್ಕು ಗಾಜಿಗೂ ವಿಭೂತಿಯ ಮೂರು ಮೂರು ಗೆರೆ ಎಳೆದಳು. ಮೂಲೆಯ ಸಾಗವಾನಿ ಪಟ್ಟಿಗೆ ಅರಿಶಿನ ಕುಂಕುಮ ಹಚ್ಚಿದಳು. ಎದುರಿಗೆ ಖಣ, ಎಲೆ ಅಡಿಕೆ ಇಟ್ಟು ಉಡಿ ತುಂಬಿದಳು. ಓವರಸಿಯರ್ ಕೈಯಿಂದ ಕಾಯಿ ಒಡೆಸಿದಳು. ಅವರು ಎಷ್ಟೋ ಸರ್ಕಾರಿ ಬಾವಿ ತೋಡಿಸಿದವರು. ಯಾವ ಬಾವಿಗೂ ಇಷ್ಟು ಭಕ್ತಿಯಿಂದ ಕೈ ಮುಗಿದಿರಲಿಕ್ಕಿಲ್ಲ. ವಿಭೂತಿಯ ಗೆರೆಗಳ ನಡುವಿನಿಂದ ಗಂಡು ಮೀನು ಇಣುಕಿ ನೋಡಿತು.

"ಇನ್ನ ಇದರ ನೀರ ಯಾರೂ ಚೆಲ್ಲಂಗಿಲ್ಲ" ಎಂದು ಅವ್ವ ಆರ್ಡರ್ ಮಾಡಿದಳು. "ಇದು ಬಾವಿ."

"ಹಂಗಾದ್ರ ನಾಳಿಂದ ನಾ ಹಿತ್ತಲಿಗಿ ಯಾಕ ಹೋಗ್ಬೇಕು?" ಎಂದಳು ನೀಲವ್ವ. "ಇಲ್ಲೇ ಸೇದ್ತೀನಿ."

ನಾಲ್ಕು ದಿನದಲ್ಲಿ ಅವ್ವ ನಕ್ಕದ್ದು ಅದೇ ಮೊದಲು.

ಬುಧವಾರ ಮೀನಿನ ಮೈಮೇಲಿನ ಇದ್ದಿಲು ಅರ್ಧ ಇಳಿಯಿತು. ಗುರುವಾರ ಅರಿಶಿನ ಬಂತು. ಗುರವ್ವ ಚಿಗವ್ವ ದಿನಕ್ಕೆ ಮೂರು ಸಲ ಬಂದು, ಬಾವಿಯೆಂದು ಚಪ್ಪಲಿ ಹೊರಗೆ ಬಿಟ್ಟು, ವರದಿ ಒಯ್ದಳು. ಎರಡೂ ಮೀನು ಗಡಿಗೆ ಬಿಟ್ಟು ಹೊರಗೆ ಬಂದು, ಗಾಜಿನಗುಂಟ ಒಂದು ಸುತ್ತು ಹಾಕಿ, ಮನೆ ಗೊತ್ತುಮಾಡಿಕೊಂಡವು. ಆದರೆ ಊಟ? ಇಲ್ಲ. ಅನ್ನದ ಕಾಳು ಬಿದ್ದಲ್ಲೇ ಇತ್ತು. ಅವ್ವನ ಹಾಲು ಹಣ್ಣೂ ನಡೆದೇ ಇತ್ತು. ಹಣ್ಣು ಮುಗಿಯುತ್ತ ಬಂದಿದ್ದವು. ಗುರುವಾರ ರಾತ್ರಿ ಹೊರಸಿನ ಮೇಲೆ ಅವಳು ಮಗ್ಗುಲು ಬದಲಿಸುವ ಸದ್ದಿಗೆ ನಾನು ಎರಡು ಸಲ ಎದ್ದು ಕೂತೆ. ನಾಳೆ ಅವಳು ಏನೇ ಬೈಯಲಿ, ಮೀನನ್ನು ಕಮಲಾಪುರಕ್ಕೆ ಒಯ್ಯುವುದೇ ಸರಿ ಎಂದು ತೀರ್ಮಾನ ಮಾಡಿದೆ.

ಶುಕ್ರವಾರ ರಜೆ. ಬಿಂದಿಗೆ ಹಿಡಿದು ಪೆಟ್ಟಿಗೆಯ ಮುಂದೆ ಕೂತೆ. ಅವ್ವನೂ ಬಂದು ಪಕ್ಕದಲ್ಲಿ ಕೂತಳು. ಬಿಂದಿಗೆ ನೋಡಿದಳು. ಬೇಡ ಅನ್ನುವ ತ್ರಾಣವೂ ಉಳಿದಿರಲಿಲ್ಲ.

ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಆಗ ಕಂಡಿತು. ನೀರಿನ ಮೇಲ್ಭಾಗದಲ್ಲಿ, ದಾರದ ತುಂಡಿನಂಥವು, ಏಳೆಂಟು. ತಲೆ ಕೆಳಗು, ಬಾಲ ಮೇಲು. ಕುಣಿದ ಹಾಗೆ ಬಾಗುತ್ತ, ಬಿಚ್ಚುತ್ತ. ಸೊಳ್ಳೆಯ ಮರಿಗಳು. ಚೆಲ್ಲದೆ ಬಿಟ್ಟ ನೀರಿನಲ್ಲಿ ಸೊಳ್ಳೆ ಬಂದು ಮೊಟ್ಟೆ ಇಟ್ಟಿತ್ತು. ಬಾವಿ ಅಂದ ಮೇಲೆ ಅದೂ ಬರುತ್ತದೆ.

ಗಂಡು ಮೀನು ಕೆಳಗಿನಿಂದ ನೋಡಿತು. ಒಂದು ಕ್ಷಣ ಅಲ್ಲಾಡದೆ ನಿಂತಿತು. ಮೇಲಕ್ಕೆ ಬಂತು. ಪಟಕ್. ಒಂದು ಹೋಯಿತು. ಹೆಣ್ಣು ಬಂತು. ಪಟಕ್. ಇನ್ನೊಂದು ಹೋಯಿತು. ಎರಡೂ ಪೈಪೋಟಿಯಲ್ಲಿ ಪಟಕ್ ಪಟಕ್ ಎಂದು ಆ ಬಾವಿಯನ್ನು ಬಾಚಿಬಿಟ್ಟವು.

ಅವ್ವ ನನ್ನ ಮಗ್ಗುಲಲ್ಲೇ ಇದ್ದಳು. ನಾನು ಮೆಲ್ಲಗೆ ಅವಳ ಕಡೆ ತಿರುಗಿದೆ. ಅವಳ ಮುಖ ಬಾಗಿಲ ಕಡೆ ಇತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಉಂಡ್ವೇನು?" ಎಂದಳು, ಬಾಗಿಲನ್ನೇ ನೋಡುತ್ತ.

"ಉಂಡ್ವವ್ವ. ಹೊಟ್ಟಿ ತುಂಬ ಉಂಡ್ವು."

"ಏನ ಉಂಡ್ವು?"

ವಿಭೂತಿ ಹಚ್ಚಿದ ಬಾವಿ. ಉಡಿ ತುಂಬಿದ ಬಾವಿ. ಆರು ದಿನ ಹಸಿದ ಮುದುಕಿ. ಏನೆಂದು ಹೇಳಲಿ? ಸುಳ್ಳು ಹೇಳಿದರೆ ಅಂಗೈ ತೋರಿಸು ಅನ್ನುತ್ತಾಳೆ. ಖರೆ ಹೇಳಿದರೆ ಮತ್ತೆ ಹಾಲು ಹಣ್ಣೇ ಗತಿ.

ಅಡುಗೆಮನೆಯಿಂದ ನೀಲವ್ವನ ದನಿ ಬಂತು. "ಬಾವ್ಯಾಗ ಇದ್ದದ್ದು ಉಂಡ್ವು ಅತ್ತಿ. ನೀವು ಕೈ ತೊಳ್ಕೋರಿ."

ಅವ್ವ ಎದ್ದಳು. ಗೋಡೆ ಹಿಡಿದೇ ಹೋದಳು. ಕೈ ತೊಳೆದಳು. ತಟ್ಟೆಯ ಮುಂದೆ ಕೂತು ಆಕಳು, ಕರು, ಬೆಕ್ಕು, ಕರಿ ನಾಯಿ ಎಲ್ಲರನ್ನೂ ವಿಚಾರಿಸಿದಳು. ಮೀನನ್ನು ಮಾತ್ರ ಎರಡನೆಯ ಸಲ ಕೇಳಲಿಲ್ಲ. ಒಂದೂವರೆ ರೊಟ್ಟಿ ತಿಂದಳು. ಇನ್ನರ್ಧಕ್ಕೆ ಕೈ ಚಾಚಿದಾಗ ನೀಲವ್ವ ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಹೊಗೆ ಎಂದಳು. ಆಮೇಲೆ ತಾನೂ ಉಂಡಳು. ನಾನೂ ಉಂಡೆ. ಗಂಜಿನ ಮೂಲೆಯ ಭಜಿಯವನಿಗೆ ಈ ವಾರ ನಷ್ಟವಾಗಿರಬೇಕು.

ಇದು ಇಲ್ಲಿಗೆ ಮುಗಿಯಿತು ಎಂದೇ ಬರೆಯಲು ಕೂತಿದ್ದೆ. ಆದರೆ ಇಂದು ಬೆಳಿಗ್ಗೆ ಹಿತ್ತಲಲ್ಲಿ ಕೊಡ ಬೆಳಗುವ ಹೊತ್ತಿಗೆ ಅವ್ವ ನೀಲವ್ವನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

"ಆ ಮೂಲ್ಯಾಗಿನ ಮಣ್ಣಿನ ಗಡಿಗಿ ಅದಲ್ಲ, ಅದನ್ನ ಬೋರಲ ಹಾಕಬ್ಯಾಡ. ನೀರ ಹಂಗಾ ಇರ್ಲಿ. ಮ್ಯಾಲ 'ಯಾಕ' ಅಂತ ಕೇಳಬ್ಯಾಡ."

ನೀಲವ್ವ ಕೇಳಲಿಲ್ಲ. ನಾನೂ ಕೇಳಿಲ್ಲ. ನೀವು ಕೇಳುತ್ತೀರಾ?